ಇನ್‌ಸ್ಟಂಟ್ ಗೀಸರ್ರೋ, ಟ್ಯಾಂಕ್ ಗೀಸರ್ರೋ?

ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಬಚ್ಚಲುಮನೆ ಇಣುಕಿ ನೋಡೋದು ನನಗೊಂದು ಚಟ. ಈಚೆಗೆ ಎಷ್ಟೋ ಹೊಸ ಮನೆಗಳಲ್ಲಿ ಗೋಡೆ ಮೇಲೆ ಪುಟಾಣಿ ಇನ್‌ಸ್ಟಂಟ್ ಗೀಸರ್ ಕೂತಿರತ್ತೆ. ಯಾಕೆ ಅಂತ ಕೇಳಿದ್ರೆ, "ಕರೆಂಟ್ ಉಳಿಯತ್ತೆ ಕಣ್ರೀ, ಟ್ಯಾಂಕ್ ಇರೋದು ಸುಮ್ನೆ ಬಿಲ್ ತಿನ್ನತ್ತೆ" ಅನ್ನೋ ಉತ್ತರ. ನನಗಂತೂ ಇದು ಒಪ್ಪಿಗೆಯಿಲ್ಲ.

ಈ ಮಾತು ನಿಜ ಆಗೋದು ಅಮೆರಿಕದಲ್ಲಿ. ಅಲ್ಲಿನ ಮನೆಗಳಲ್ಲಿ 150-190 ಲೀಟರಿನ ದೊಡ್ಡ ಟ್ಯಾಂಕು. ಯಾರೂ ಸ್ನಾನ ಮಾಡದಿದ್ರೂ ಹಗಲು ರಾತ್ರಿ ನೀರು ಬಿಸಿಯಾಗೇ ಇರತ್ತೆ. ಆರಿದಷ್ಟೂ ಮತ್ತೆ ಕಾಯಿಸಬೇಕು. ಕಡಿಮೆ ಬಿಸಿನೀರು ಬಳಸೋ ಮನೆಯಲ್ಲಿ ಟ್ಯಾಂಕಿಲ್ಲದ ಹೀಟರ್ 24ರಿಂದ 34 ಪರ್ಸೆಂಟ್ ಹೆಚ್ಚು ದಕ್ಷ ಅಂತ ಅಲ್ಲಿನ ಇಂಧನ ಇಲಾಖೆ ಹೇಳೋದು ಇದಕ್ಕೇ. ನಮ್ಮಲ್ಲಿ? ಬಚ್ಚಲ ಹೊರಗೆ ಕೆಂಪು ದೀಪದ ಸ್ವಿಚ್ಚು ಇದೆ, "ಗೀಸರ್ ಆಫ್ ಮಾಡಿದ್ಯೇನೋ?" ಅಂತ ಅಡಿಗೆಮನೆಯಿಂದ ಕೂಗೋ ಅಮ್ಮ ಇದಾರೆ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಆಮೇಲೆ ಆರಿಸೋ ಮನೆಯಲ್ಲಿ ಟ್ಯಾಂಕಿನಿಂದ ಸೋರಿಹೋಗೋ ಶಾಖ ತೀರಾ ಕಮ್ಮಿ.

ಸ್ವಲ್ಪ ಲೆಕ್ಕ ಹಾಕೋಣ, ಬೇಜಾರು ಮಾಡ್ಕೋಬೇಡಿ. ಮೇಲಿನ ಸಿಂಟೆಕ್ಸಿನ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು ಅಂತಿಟ್ಕೊಳ್ಳಿ. 20 ಲೀಟರಿನ ಒಂದು ಬಕೆಟ್ಟಿಗೆ ಸುಮಾರು ಅರ್ಧ ಯೂನಿಟ್ ಬೇಕು. ಯಾವ ಗೀಸರ್ ಆದ್ರೂ ಅಷ್ಟೇ, ಭೌತಶಾಸ್ತ್ರ ಡಿಸ್ಕೌಂಟ್ ಕೊಡಲ್ಲ! ವ್ಯತ್ಯಾಸ ಇರೋದು ಸಮಯದಲ್ಲಿ. 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಕೊಡತ್ತೆ, ಅಂದ್ರೆ ಒಂದು ಬಕೆಟ್ಟಿಗೆ 9 ನಿಮಿಷ. ಇದಕ್ಕೆ ಹೆಸರು 'ಇನ್‌ಸ್ಟಂಟ್'! 2 ಕಿಲೋವ್ಯಾಟಿನ 15 ಲೀಟರ್ ಟ್ಯಾಂಕು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ 60 ಡಿಗ್ರಿಗೆ ಕಾಯತ್ತೆ. ಅಷ್ಟೇ ತಣ್ಣೀರು ಬೆರೆಸಿದ್ರೆ ಒಂದೂವರೆ ಬಕೆಟ್ ರೆಡಿ. ಅಷ್ಟರಲ್ಲಿ ನೀವು ಕಾಫಿ ಕುಡಿದು, ಪೇಪರ್ ಮುಗಿಸಿರ್ತೀರಿ.

ಊರ ಕಡೆಗೆ ಬಂದ್ರೆ ಇನ್‌ಸ್ಟಂಟ್ ಇನ್ನೂ ಸೋಲತ್ತೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದ್ರೆ ಕಾಯಿಸೋ ಶಕ್ತಿ ನೂರಕ್ಕೆ ಅರವತ್ತರಷ್ಟಕ್ಕೆ ಬೀಳತ್ತೆ. ಟ್ಯಾಂಕಾದ್ರೆ ಇನ್ನೊಂದು ಹದಿನೈದು ನಿಮಿಷ ಕಾದರಾಯ್ತು. ಇನ್‌ಸ್ಟಂಟಿನಲ್ಲಿ ನಲ್ಲಿ ಬಿಟ್ಟಹಾಗೆ ಉಗುರು ಬೆಚ್ಚಗಿನ ನೀರೇ ಗತಿ. ಮೈಗೆ ಸೋಪು ಹಚ್ಚಿಕೊಂಡಾಗ ಕರೆಂಟ್ ಹೋದ್ರಂತೂ... ಬೇಡ ಬಿಡಿ. ಇನ್ನು ವೈರಿಂಗ್. 3 ಕಿಲೋವ್ಯಾಟ್ ಅಂದ್ರೆ 13 ಆಂಪ್ಸ್. ಕೆಲವರು 4.5 ಕಿಲೋವ್ಯಾಟಿಂದು ತರ್ತಾರೆ, ಅದು ಹತ್ತಿರ ಹತ್ತಿರ 20 ಆಂಪ್ಸ್. ಗೋಡೆಯ 16 ಆಂಪ್ಸ್ ಸಾಕೆಟ್ಟಿಗೆ ಅದನ್ನ ಸಿಗಿಸೋದು ಬೆಂಕಿಗೆ ಆಹ್ವಾನ ಕೊಟ್ಟಂಗೆ.

ಹಾಗಂತ ಇನ್‌ಸ್ಟಂಟ್ ಬೇಡವೇ ಬೇಡ ಅಂತಲ್ಲ. ಅಡಿಗೆಮನೆ ಸಿಂಕಿಗೆ ಹೇಳಿ ಮಾಡಿಸಿದ್ದು. ಒಬ್ಬರೇ ಇರೋ ರೂಮಿಗೂ ಸಾಕು. ನಾಲ್ಕು ಜನ ಸಾಲಾಗಿ ಸ್ನಾನ ಮಾಡೋ ಮನೆಗೆ ಮಾತ್ರ ನನ್ನ ಓಟು 15 ಅಥವಾ 25 ಲೀಟರಿನ ಟ್ಯಾಂಕಿಗೇ. ನಮ್ಮಜ್ಜಿ ಮನೆಯ ತಾಮ್ರದ ಹಂಡೆ ಮಾಡ್ತಿದ್ದದ್ದೂ ಇದೇ ಕೆಲಸ ತಾನೇ?

ಕರೆಂಟಿನ ಜಗಳ ಹಾಗಿರಲಿ, ನನಗೆ ನಿಜಕ್ಕೂ ಭಯ ಇರೋದು ಟ್ಯಾಂಕಿಲ್ಲದ ಇನ್ನೊಂದು ಜಾತಿ ಬಗ್ಗೆ: ಗ್ಯಾಸ್ ಗೀಸರ್. ಅಗ್ಗ, ಬಿಸಿನೀರು ಧಾರಾಳ, ಕರೆಂಟ್ ಬಿಲ್ಲಿನ ಗೊಡವೆಯಿಲ್ಲ. ಆದ್ರೆ ಅದು ಬಚ್ಚಲಿನ ಗಾಳಿಯನ್ನೇ ಉರಿಸತ್ತೆ. ಬಾಗಿಲು, ಕಿಟಕಿ ಎರಡೂ ಮುಚ್ಚಿದ್ರೆ ಆಮ್ಲಜನಕ ಕಮ್ಮಿಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟತ್ತೆ. ಅಡುಗೆ ಅನಿಲ ಸೋರಿದ್ರೆ ಮೂಗಿಗೆ ಹೊಡೆಯತ್ತೆ, ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬೀಳೋವರೆಗೂ ಗೊತ್ತಾಗಲ್ಲ, ಬಿದ್ದ ಮೇಲೆ ಚಿಲಕ ತೆಗೆಯೋಕೆ ಯಾರೂ ಇರಲ್ಲ. 2023ರ ಜೂನಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಒಂದು ಯುವ ಜೋಡಿ ಹೀಗೇ ಸತ್ತಿದ್ದನ್ನ ಪತ್ರಿಕೆಗಳಲ್ಲಿ ಓದಿದೀವಿ.

ಬಾಡಿಗೆ ಮನೆ ನೋಡೋಕೆ ಹೋದಾಗ ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇದ್ರೆ, ಅಡ್ವಾನ್ಸ್ ಕೊಡೋ ಮುಂಚೆ ಅದನ್ನ ಹೊರಗೆ ಗಾಳಿಯಾಡೋ ಯುಟಿಲಿಟಿಗೆ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರ್ಲಿ ಅಂತ ಓನರ್ ಹತ್ರ ಹಟ ಹಿಡೀರಿ. ಆಗಲ್ಲ ಅಂದ್ರೆ ಬೇರೆ ಮನೆ ನೋಡಿ.