ಸೂಕ್ಷ್ಮಜೀವಿ ಮತ್ತು ಶ್ರಾವಕನ ಹೊಣೆ

ದಶಲಕ್ಷಣ ಪರ್ವ ಬಂತೆಂದರೆ ನಮ್ಮ ವೇದಿಕೆಗಳಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಸೂಕ್ಷ್ಮದರ್ಶಕ ಹುಟ್ಟುವ ಮೊದಲೇ ನಮ್ಮ ಆಚಾರ್ಯರು ಬ್ಯಾಕ್ಟೀರಿಯಾಗಳನ್ನು ಬಲ್ಲವರಾಗಿದ್ದರು, ಆಗಮೋಕ್ತ ನಿಗೋದವೇ ಇಂದಿನ ಬ್ಯಾಕ್ಟೀರಿಯಾ ಎಂದು. ಸಭೆ ಚಪ್ಪಾಳೆ ತಟ್ಟುತ್ತದೆ. ನಿಗೋದವು ಸಾಧಾರಣ ವನಸ್ಪತಿಕಾಯಕ್ಕೆ ಸಂಬಂಧಿಸಿದ ತತ್ತ್ವವಿಚಾರ. ಅದನ್ನು ಪ್ರಯೋಗಶಾಲೆಯ ಜೀವಿಯೊಡನೆ ಅವಸರದಿಂದ ಸಮೀಕರಿಸುವುದು ಆಗಮಕ್ಕೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅದು ಹಾಗಿರಲಿ. ಕಾಣದ ಜೀವವನ್ನು ಬಲ್ಲೆವೆಂದು ಹೆಮ್ಮೆಪಡುವ ನಾವು ಅದರ ವಿಷಯದಲ್ಲಿ ನಡೆದುಕೊಳ್ಳುತ್ತಿರುವುದು ಹೇಗೆ? ಶ್ರಾವಕನಿಗೆ ವಿಹಿತವಾದ ಚತುರ್ವಿಧ ದಾನಗಳನ್ನೇ ಒರೆಗಲ್ಲಾಗಿಸಿ ನೋಡೋಣ.

ಮೊದಲನೆಯದು ಅಭಯದಾನ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಜೀನನ್ನು ಹೊತ್ತ ಬಿಟಿ ಹತ್ತಿಗೆ 2002ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯಿತು. ಆ ಗಿಡವನ್ನು ತಿಂದ ಕಾಯಿಕೊರಕ ಸಾಯುತ್ತದೆ. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಸಾಮಾನ್ಯ ಬೀಜದ ಪೊಟ್ಟಣವನ್ನೂ ಕೊಡುತ್ತಿದ್ದರು. ಹೊಲದ ಅಂಚಿನಲ್ಲಿ ಅದನ್ನು ಬಿತ್ತಿದರೆ ಒಂದಿಷ್ಟು ಹುಳುಗಳು ಬದುಕುತ್ತವೆ. ವಿಷವನ್ನು ತಾಳಬಲ್ಲ ಅಪರೂಪದ ಹುಳುಗಳೊಡನೆ ಅವು ಕೂಡುವುದರಿಂದ ಆ ತಾಳಿಕೆಯ ಗುಣ ಬೇಗನೆ ಹಬ್ಬುವುದಿಲ್ಲ. ಹುಳುವಿಗೆ ಬಿಟ್ಟ ಆ ಅಂಚು ಅಭಯದಾನವಲ್ಲದೆ ಮತ್ತೇನು? ಎಷ್ಟೋ ಹೊಲಗಳಲ್ಲಿ ಆ ಪೊಟ್ಟಣ ಕಸದ ಪಾಲಾಯಿತು. 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕವು ಮೊದಲ ಬಿಟಿ ಜೀನಿಗೆ ಜಗ್ಗದಾದ ವರದಿ ಬಂತು. ಮುಂದೆ ಎರಡು ಜೀನುಗಳ ಹತ್ತಿಗೂ ಅದೇ ಗತಿಯಾಯಿತು. ಕೀಟನಾಶಕದ ಸಿಂಪಡಣೆ ಮರಳಿತು. ಅದರೊಡನೆ ಜೇನು, ಜೇಡಗಳ ಮರಣವೂ ಮರಳಿತು. ಈಗ ಎರಡೂ ಬೀಜಗಳನ್ನು ಬೆರೆಸಿಯೇ ಮಾರುತ್ತಾರೆ. ನಮ್ಮ ಸಂಯಮದ ಮೇಲೆ ಯಾರಿಗೂ ನಂಬಿಕೆ ಉಳಿದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು ಔಷಧದಾನ. ಪ್ರತಿಜೀವಕವನ್ನು ವ್ಯರ್ಥವಾಗಿ ನುಂಗಿದಾಗ ದುರ್ಬಲ ಬ್ಯಾಕ್ಟೀರಿಯಾ ಸತ್ತು ಬಲವಾದದ್ದು ಉಳಿಯುತ್ತದೆ. ಅಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಒಂದು ಬ್ಯಾಕ್ಟೀರಿಯಾ ತನ್ನ ನಿರೋಧಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ನೆಗಡಿ ಬರುವುದು ವೈರಸ್ಸಿನಿಂದ. ಅದಕ್ಕೆ ಪ್ರತಿಜೀವಕ ನಾಟುವುದಿಲ್ಲ. ಆದರೂ ಉಚಿತ ಶಿಬಿರಗಳಲ್ಲಿ ನೆಗಡಿಗೂ ಮೂರು ದಿನದ ಮಾತ್ರೆ ಹಂಚಿ ಪುಣ್ಯದ ಲೆಕ್ಕ ಬರೆಯುವವರಿದ್ದಾರೆ. ‘ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧವೇ ಹಿಂಸೆಯಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಗೃಹಸ್ಥನದು ಅಣುವ್ರತ, ಪ್ರಾಣರಕ್ಷಣೆಗೆ ಅನಿವಾರ್ಯವಾದುದನ್ನು ಅದು ನಿಷೇಧಿಸುವುದಿಲ್ಲ. ಆದರೆ ಅನಗತ್ಯವಾದ ಸ್ಥಾವರಹಿಂಸೆಗೆ ಅದು ಅನುಮತಿ ನೀಡುವುದೂ ಇಲ್ಲ. ಅನಗತ್ಯ ಮಾತ್ರೆ ಪ್ರಮಾದ. ಪ್ರಮಾದವೇ ಹಿಂಸೆಯ ಬೇರು. ಇಲ್ಲಿ ಹಾನಿ ಬ್ಯಾಕ್ಟೀರಿಯಾಕ್ಕಷ್ಟೇ ಅಲ್ಲ, ನಾಳೆ ಅದೇ ಔಷಧ ಫಲಿಸದೆ ನರಳುವ ಕೂಸಿಗೂ ಉಂಟು.

ಮೂರನೆಯದು ಆಹಾರದಾನ. ಕಡಲೆ, ಹೆಸರು, ಶೇಂಗಾಗಳ ಬೇರುಗಂಟುಗಳಲ್ಲಿ ರೈಜೋಬಿಯಂ ವಾಸಿಸುತ್ತದೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಆಹಾರವಾಗಿಸುವ ಜೀನುಗಳು ಅದರಲ್ಲಿವೆ. ಅನ್ನದಾನ ಮಾಡುವ ನಮಗೆ ಈ ಮೂಕ ದಾನಿಯ ನೆನಪಿದೆಯೇ? ಬಸದಿಯ ಹೊಲವನ್ನು ಲಾವಣಿಗೆ ಕೊಡುವಾಗ ನಾವು ಕೇಳುವುದು ಹಣವೊಂದನ್ನೇ. ಕೂಳೆ ಸುಡುವರೇ, ಮಣ್ಣಿಗೆ ಏನು ಸುರಿಯುವರು ಎಂದು ಕೇಳುವುದಿಲ್ಲ.

ನಾಲ್ಕನೆಯದು ಶಾಸ್ತ್ರದಾನ, ಎಂದರೆ ಜ್ಞಾನದ ಹಂಚಿಕೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೊಡನೆ ಸೇರಿ, ರೈತನು ಬೀಜವನ್ನು ತಾನೇ ಉಳಿಸಿಕೊಳ್ಳಬಹುದಾದ ಬಿಟಿ ತಳಿಯೊಂದನ್ನು ರೂಪಿಸಿತು. 2008ರಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಖಾಸಗಿ ಕಂಪನಿಯ ಜೀನು ಅದರಲ್ಲಿ ಕಂಡುಬಂದುದರಿಂದ ತಳಿಯನ್ನು ಹಿಂದಕ್ಕೆ ಪಡೆಯಲಾಯಿತು. ಪ್ರಕೃತಿಯ ಬ್ಯಾಕ್ಟೀರಿಯಾದಿಂದ ಬಂದ ಜೀನಿಗೂ ಒಡೆಯರುಂಟು ಎಂಬ ಈ ಕಾಲದ ಕಾನೂನನ್ನು ಅಪರಿಗ್ರಹದ ಅನುಯಾಯಿಗಳಾದ ನಾವು ಪ್ರಶ್ನಿಸಲೇ ಇಲ್ಲ.

ವಿಜ್ಞಾನವನ್ನು ಪಾಪವೆಂದು ದೂರುವುದು ನನ್ನ ಉದ್ದೇಶವಲ್ಲ. ಹಿಂದೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್, 1982ರಿಂದ ಜೀನು ಬದಲಿಸಿದ ಬ್ಯಾಕ್ಟೀರಿಯಾದಿಂದಲೂ ದೊರೆಯತೊಡಗಿತು. ಈ ವಿದ್ಯೆಯೂ ದಯೆಯ ಸಾಧನವಾಗಬಲ್ಲದು. ಬೇಕಾದುದು ಬಳಸುವವನ ವಿವೇಕ.

ಆದ್ದರಿಂದ ಬಸದಿಗಳ ಟ್ರಸ್ಟುಗಳಲ್ಲಿ ನನ್ನ ಆಗ್ರಹ ಮೂರು: ವೈದ್ಯರ ಲಿಖಿತ ಸಲಹೆಯಿಲ್ಲದೆ ಶಿಬಿರಗಳಲ್ಲಿ ಪ್ರತಿಜೀವಕ ಹಂಚಕೂಡದು; ಹೊಲದ ಕರಾರಿನಲ್ಲಿ ಮಣ್ಣಿನ ರಕ್ಷಣೆಯ ಷರತ್ತು ಇರಲಿ; ಪರ್ವದ ಉಪನ್ಯಾಸಗಳಲ್ಲಿ ಒಂದು ದಿನ ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ತಜ್ಞರಿಗೆ ಮೀಸಲಾಗಲಿ. ಇಷ್ಟನ್ನೂ ಮಾಡಲಾರದವರು ನಿಗೋದದ ಹೆಸರಿನಲ್ಲಿ ಚಪ್ಪಾಳೆ ಗಿಟ್ಟಿಸುವುದನ್ನಾದರೂ ನಿಲ್ಲಿಸಲಿ.