ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಫಾರ್ವರ್ಡ್ ಮೆಸೇಜ್ ಹೇಳದೇ ಬಿಟ್ಟಿದ್ದು

"ವಿಂಡೋಸ್ 10 ಬಂದ್ ಆಗಿದೆ. ಹಳೇ ಲ್ಯಾಪ್‌ಟಾಪ್ ಎಸೆಯಬೇಡಿ, ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳಿ. ಹತ್ತೇ ನಿಮಿಷದ ಕೆಲಸ, ವೈರಸ್ ಕಾಟವೇ ಇಲ್ಲ!" ಇಂಥದ್ದೊಂದು ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಕಮಲಾಪುರದಲ್ಲಿರುವ ನಮ್ಮ ಕಾಕಾನ ಮಗನಿಗೂ ಬಂದಿತ್ತು. ಒಂದು ಭಾನುವಾರ ಕಲಬುರಗಿಯಲ್ಲಿದ್ದ ನನಗೆ ಅವನ ಫೋನ್: "ಅಕ್ಕಾ, ಎಲ್ಲಾ ಹೋಯ್ತು. ಬರೇ ನೀಲಿ ಸ್ಕ್ರೀನ್ ಬರ್ಲತ್ತದ, 48 ಅಂಕಿ ನಂಬರ್ ಕೇಳ್ಲತ್ತದ." ಡಿಗ್ರಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಅದರೊಳಗಿತ್ತು. ಬೇರೆಲ್ಲೂ ಕಾಪಿ ಇರಲಿಲ್ಲ.

ಮೊದಲು ಆ ಮೆಸೇಜಿನ ಮಾತು. ವಿಂಡೋಸ್ 10 ಬಂದ್ ಆಗಿಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಸುರಕ್ಷಾ ಅಪ್‌ಡೇಟ್‌ಗಳು ನಿಂತವು, ಅಷ್ಟೇ. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಅವಕಾಶವೂ ಇದೆ. ಹಳೇ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ದಾರಿ ಎಂಬುದು ನಿಜ. 'ಹತ್ತೇ ನಿಮಿಷ' ಎಂಬುದು ಮಾತ್ರ ಸುಳ್ಳು.

ತಮ್ಮನ ಲ್ಯಾಪ್‌ಟಾಪಿನಲ್ಲಿ ಆಗಿದ್ದೇನು? ಪೆನ್‌ಡ್ರೈವ್‌ನಿಂದ ಉಬುಂಟು ಶುರು ಮಾಡಲು, ಯಾವುದೋ ವಿಡಿಯೋ ನೋಡಿ 'ಸೆಕ್ಯೂರ್ ಬೂಟ್' ಆಫ್ ಮಾಡಿದ್ದ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದೆ ಎಂದು ಉಬುಂಟು ಮುಂದುವರಿಯಲಿಲ್ಲ. ವಾಪಸ್ ವಿಂಡೋಸ್‌ಗೆ ಹೋದರೆ ಅದಕ್ಕೂ ಅನುಮಾನ: ಸೆಟ್ಟಿಂಗ್ ಬದಲಾಗಿದೆ, ಇದು ಕಳ್ಳನೇ ಇರಬೇಕು ಎಂದು ಕೀಲಿ ಕೇಳಿತು. ಅಂದರೆ ಲಿನಕ್ಸ್ ಇನ್ನೂ ಇನ್‌ಸ್ಟಾಲೇ ಆಗಿರಲಿಲ್ಲ! ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯವರು ಫೋನಿನಲ್ಲೇ "ಫಾರ್ಮ್ಯಾಟ್ ಮಾಡ್ಬೇಕು" ಅಂದಿದ್ದರು. ಮಾಡಿದ್ದರೆ ಪ್ರಾಜೆಕ್ಟ್ ಹೋಗುತ್ತಿತ್ತು. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿಸಿದೆ, ವಿಂಡೋಸ್ ತೆರೆಯಿತು.

ಆ ಕೀಲಿ ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ನಮ್ಮಲ್ಲಿ ತೊಡಕು ಬೇರೆಯೇ. ಖಾತೆ ತೆರೆದಿದ್ದು ಕಾಕಾನ ನಂಬರಿನಲ್ಲಿ; ಒಟಿಪಿ ಬರುವುದು ಅವರ ಕೀಪ್ಯಾಡ್ ಮೊಬೈಲಿಗೆ; ಅವರು ಹೊಲದಲ್ಲಿ. ಸಂಜೆ ಅವರು ಮನೆಗೆ ಬಂದ ಮೇಲೆಯೇ ಕೀಲಿ ನೋಟ್‌ಬುಕ್ಕಿಗೆ ಇಳಿದದ್ದು.

ಎರಡು ಸಿಸ್ಟಂ ಒಂದೇ ಯಂತ್ರದಲ್ಲಿದ್ದರೆ ಪಡಸಾಲೆ ಒಂದೇ ಇರುವ ಎರಡು ಸಂಸಾರದ ಹಾಗೆ. ಗಡಿಯಾರವನ್ನೇ ನೋಡಿ. ಲಿನಕ್ಸ್ ಯಂತ್ರದೊಳಗೆ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಹೀಗಾಗಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ. ಬ್ಯಾಟರಿ ಸೆಲ್ ಬದಲಿಸಿದರೆ ಇದು ಹೋಗದು. ಇನ್ನು 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದೇ ಇಲ್ಲ. ಲಿನಕ್ಸ್‌ನಿಂದ ಡಿ ಡ್ರೈವ್ ತೆರೆದರೂ ಫೈಲ್ ಉಳಿಸಲು ಬಿಡದಿರಬಹುದು. ಹಾರ್ಡ್‌ಡಿಸ್ಕ್ ಕೆಟ್ಟಿಲ್ಲ.

ಎಲ್ಲ ತಪ್ಪೂ ಬಳಸುವವರದ್ದಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದು, ದೋಷವಿದ್ದ ಹಳೇ ಬೂಟ್ ತಂತ್ರಾಂಶಗಳನ್ನು ತಡೆಯಲು ಹೋಗಿ ಹಲವರ ಲಿನಕ್ಸನ್ನೇ ಶುರುವಾಗದಂತೆ ಮಾಡಿತು. ಎರಡೂ ಸಿಸ್ಟಂ ಇರುವ ಯಂತ್ರಗಳನ್ನು ಬಿಟ್ಟುಬಿಡಬೇಕಿತ್ತು, ಕೆಲವನ್ನು ಅದು ಗುರುತಿಸಲೇ ಇಲ್ಲ. ಪೂರ್ತಿ ಪರಿಹಾರ ಬಂದದ್ದು 2025ರ ಮೇನಲ್ಲಿ. ಆಗಲೂ ಫೈಲುಗಳು ಡಿಸ್ಕಿನಲ್ಲೇ ಇದ್ದವು, ಬಾಗಿಲು ಮಾತ್ರ ಮುಚ್ಚಿತ್ತು. ಗಾಬರಿಯಲ್ಲಿ 'ಡಿಸ್ಕ್ ಅಳಿಸಿ' ಒತ್ತಿದವರಿಗೆ ಮಾತ್ರ ನಿಜವಾದ ನಷ್ಟ.

ಕನ್ನಡದವರಿಗೆ ಇನ್ನೊಂದು ತಲೆನೋವು: ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ ಫೈಲು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ವೈರಸ್ ಅಲ್ಲ, ಫಾಂಟ್ ಇಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಎರಡೂ ಕಡೆ ಓದಬಹುದು.

ಅಪ್‌ಗ್ರೇಡ್ ವಿಷಯದಲ್ಲಿ ನನ್ನ ಅಭಿಪ್ರಾಯ: ಹೊಸದು ಬಂದ ದಿನವೇ ಓಡಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಉಬುಂಟು ಎಲ್‌ಟಿಎಸ್‌ಗೆ ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ನಡುವಿನ ಆವೃತ್ತಿಗಳಿಗೆ ಒಂಬತ್ತೇ ತಿಂಗಳು. ಅಪ್‌ಗ್ರೇಡ್ ಒಂದು ಜಿಬಿಗೂ ಹೆಚ್ಚು ಡೇಟಾ ನುಂಗುವುದುಂಟು, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನ ಹಾಟ್‌ಸ್ಪಾಟಿಗೆ ಅದು ಭಾರ. ನಡುವೆ ಕರೆಂಟ್ ಹೋಗಿ ಯಂತ್ರ ಆಫ್ ಆದರೆ ಸಿಸ್ಟಂ ಅರೆಬರೆ ನಿಲ್ಲುತ್ತದೆ.

ತಮ್ಮ ಈಗ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಉಬುಂಟು ನಡೆಸಿ ನೋಡುತ್ತಿದ್ದಾನೆ. ವೈಫೈ ಬರುತ್ತದೆ. ಪ್ರಿಂಟರ್ ಇನ್ನೂ ಮುನಿಸಿಕೊಂಡಿದೆ. ಪ್ರಾಜೆಕ್ಟಿನ ಒಂದು ಕಾಪಿ ನನ್ನ ಹತ್ತಿರ ಇದೆ.