ಮಹಾಪೂರದ ಲೆಕ್ಕದಲ್ಲಿ ಮಕ್ಕಳೂ ಇರಲಿ



ಮಳೆಗಾಲಕ್ಕೆ ಮುನ್ನ ನಮ್ಮ ಸಿದ್ಧತೆಯೇನೂ ಕಡಿಮೆಯಲ್ಲ. ಮೈಲುತುತ್ತ, ಸುಣ್ಣ ತಂದಿಡುತ್ತೇವೆ, ಬಸಿಗಾಲುವೆ ತೆಗೆಸುತ್ತೇವೆ, ಹೊಳೆದಂಡೆಯ ಪಂಪುಸೆಟ್ಟನ್ನು ಮೇಲಕ್ಕೆ ಸಾಗಿಸುತ್ತೇವೆ, ವಿಮೆಯ ಕಂತು ಕಟ್ಟುತ್ತೇವೆ. ಆದರೆ ರಾತ್ರೋರಾತ್ರಿ ಮನೆ ಬಿಡಬೇಕಾಗಿ ಬಂದರೆ ಮಕ್ಕಳನ್ನು ಯಾರು, ಎಲ್ಲಿಗೆ ಕರೆದೊಯ್ಯಬೇಕು, ಅಲ್ಲಿ ಅವರಿಗೆ ಏನು ಬೇಕಾದೀತು ಎಂಬುದನ್ನು ಮೊದಲೇ ಯೋಚಿಸಿಟ್ಟ ಮನೆ ಎಷ್ಟಿವೆ?

ಸಾಗರ ತಾಲೂಕಿನಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬರುವ ವರದೆಯನ್ನು ಹಾನಗಲ್ ತಾಲೂಕಿನಲ್ಲಿ ಧರ್ಮಾ ನದಿ ಕೂಡುತ್ತದೆ. ಮೇಲೆ ಮಲೆನಾಡಿನಲ್ಲಿ ಸುರಿದ ಮಳೆ ಕೆಳಗೆ ನಮ್ಮ ಹೊಲ, ತೋಟಗಳಿಗೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಹಾನಗಲ್, ಸವಣೂರು, ಹಾವೇರಿ ತಾಲೂಕುಗಳ ಹೊಳೆದಂಡೆಯ ಜನ ಇದನ್ನು ಕಣ್ಣಾರೆ ಕಂಡರು. ಇಂಥ ಹೊತ್ತಿನಲ್ಲಿ ಗಂಜಿ ಕೇಂದ್ರ ತೆರೆಯುವುದು ಸಾಮಾನ್ಯವಾಗಿ ಶಾಲೆಯಲ್ಲೇ. ಹಿರಿಯರಿಗೆ ನೆರಳಾಯಿತು, ಸರಿ. ಆದರೆ ಮಕ್ಕಳಿಗೆ ಪಾಠ ತಪ್ಪಿತು, ದಿನದ ಶಿಸ್ತು ತಪ್ಪಿತು.

ಕಾಫಿ ನಾಡುಗಳ ಅನುಭವವೂ ನಮಗೆ ಪಾಠ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಸಾವಿರಾರು ಜನ ಮನೆ ತೊರೆದರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ಜನ ನಿದ್ದೆಯಲ್ಲಿದ್ದರು. ವೆಳ್ಳಾರಮಲೆಯ ಶಾಲೆಯೂ ಹಾಳಾಯಿತು. ಆದರೂ ಸೆಪ್ಟೆಂಬರ್ ಮೊದಲ ವಾರದಲ್ಲೇ ಆ ಮಕ್ಕಳಿಗೆ ಮೇಪ್ಪಾಡಿಯಲ್ಲಿ ತರಗತಿ ಶುರುವಾಯಿತು. ದುಃಖದಲ್ಲಿರುವ ಮಗುವಿಗೆ ಶಾಲೆಯ ಗಂಟೆಯೂ ಒಂದು ಔಷಧಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅಡಿಕೆ ಸುಗ್ಗಿ ಇನ್ನೂ ದೂರವಿರುವ ಆಗಸ್ಟ್ ತಿಂಗಳಲ್ಲಿ ಸಹಕಾರ ಸಂಘಗಳ ಸಭಾಭವನ, ಕಟ್ಟೆ, ಚಪ್ಪರಗಳು ಬಹುತೇಕ ಖಾಲಿ. ಎತ್ತರದ ಜಾಗದಲ್ಲಿರುವಂಥವನ್ನು ಆಪತ್ಕಾಲಕ್ಕೆ ಮೀಸಲೆಂದು ಮೊದಲೇ ಠರಾವು ಮಾಡಿದರೆ ಶಾಲೆಯನ್ನು ಬೇಗ ಮಕ್ಕಳಿಗೆ ಬಿಟ್ಟುಕೊಡಬಹುದು. ಗೊಬ್ಬರ, ಔಷಧಿಗಳ ಗೋದಾಮು ಮಾತ್ರ ಇದಕ್ಕೆ ಬೇಡ.

ಎರಡನೆಯದು, ಪ್ರತಿ ಊರಿನ ಸದಸ್ಯರು ಮಕ್ಕಳ ಪಟ್ಟಿ ಮಾಡಬೇಕು. ಕೂಸುಗಳು, ಅಂಗವಿಕಲ ಮಕ್ಕಳು, ದಿನವೂ ಔಷಧಿ ಬೇಕಾದವರು, ತೋಟದ ಕೂಲಿಗೆ ಬಂದವರ ಮಕ್ಕಳು ಎಲ್ಲರೂ ಅದರಲ್ಲಿರಲಿ. ಕೂಲಿಕಾರರ ಹೆಸರು ಊರಿನ ರೇಶನ್ ಕಾರ್ಡಿನಲ್ಲಿ ಇರುವುದಿಲ್ಲ. ನೀರಿಗೆ ಆ ಭೇದ ಗೊತ್ತಿಲ್ಲ.

ಮೂರನೆಯದು ಮನೆಯವರ ಕೆಲಸ. ಮಗುವಿನ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರಿನ ಚೀಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಲಿ. ಜನನ ಪತ್ರ, ಲಸಿಕೆ ಕಾರ್ಡು ಒಂದೇ ಚೀಲದಲ್ಲಿರಲಿ. ಮೊಲೆಹಾಲು ಕುಡಿಯುವ ಕೂಸಿಗೆ ಅದೇ ಮುಂದುವರಿಯಲಿ. ಕೆಟ್ಟ ನೀರಿನಲ್ಲಿ ಕಲಸಿದ ಪುಡಿಹಾಲು ಅಪಾಯಕಾರಿ. ಭೇದಿಯಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮಮಟ್ಟದ 6 ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮೈಲುತುತ್ತದ ಡಬ್ಬಿಯನ್ನು ಕೈಗೆಟುಕದಂತೆ ಬೀಗ ಹಾಕಿಡಿ; ನೀರು ನುಗ್ಗಿದ ಮನೆಯಲ್ಲಿ ಅದೂ ತೇಲಿ ಬರುತ್ತದೆ. ಒಂಟಿಯಾದ ಮಗು ಕಂಡರೆ ಯಾರಿಗೋ ಒಪ್ಪಿಸಿಬಿಡದೆ 1098ಕ್ಕೆ ತಿಳಿಸಿ.

ಇದೆಲ್ಲ ತಹಸೀಲ್ದಾರರ, ಅಂಗನವಾಡಿಯವರ ಕೆಲಸವಲ್ಲವೆ ಎಂದು ಕೆಲವರು ಕೇಳಬಹುದು. ಹೌದು, ಅವರ ಹೊಣೆ ಇದ್ದೇ ಇದೆ. ಆದರೆ ನೀರು ರಾತ್ರಿ ಬರುತ್ತದೆ, ಕಚೇರಿಯ ಜೀಪು ಬೆಳಿಗ್ಗೆ ಬರುತ್ತದೆ. ಆ ನಡುವಿನ ಹೊತ್ತಿನಲ್ಲಿ ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಬಲ್ಲವರು ನಾವೇ.

ಹೋದ ತೋಟವನ್ನು ಮತ್ತೆ ನೆಟ್ಟು ಬೆಳೆಸಿದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಕ್ಕಳ ವಿಷಯದಲ್ಲಿ ಆ ಸಮಾಧಾನವಿಲ್ಲ. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದು, ಮಳೆಗೆ ಮುನ್ನವೇ ಠರಾವಾಗಲೆಂದು ಎಲ್ಲ ಸದಸ್ಯರಲ್ಲಿ ನನ್ನ ವಿನಂತಿ.